ಲಗತ್ತಿನ ಅಕ್ಕ

ನಮ್ಮೂರಿನಲ್ಲಿ ಅರ್ಜಿ ಬರೆಸಲು ಹೋದರೆ ಮೊದಲು ಹೆಸರು ಕೇಳುವುದಿಲ್ಲ, ಮನೆಯಲ್ಲಿ ಚಾಪೆ ಎಷ್ಟಿವೆ ಎಂದು ಕೇಳುತ್ತಾರೆ. ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುವ ಅರ್ಜಿ ಮೇಷ್ಟ್ರು ನನ್ನನ್ನೂ ಅದನ್ನೇ ಕೇಳಿದರು. ಎರಡು ಎಂದೆ. "ಜನ ಎಷ್ಟು?" ಎಂದರು. ಅವ್ವ, ನಾನು, ಇಬ್ಬರೇ ಎಂದೆ. "ಹಂಗಾದ್ರೆ ಇನ್ನೊಂದು ಚಾಪೆ ತಗೊಂಡು ಆಮೇಲೆ ಬಾರಮ್ಮ" ಎಂದು ನನ್ನ ಹಿಂದಿದ್ದವರನ್ನು ಕರೆದರು. ಕಾನೂನು ಕಾಲೇಜಿನ ಫೀಸಿಗೆ ನೆರವು ಕೇಳುವ ಅರ್ಜಿ ಎಂದು ನಾನು ಇನ್ನೂ ಹೇಳಿಯೇ ಇರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು, ನಾನು ಯಾರನ್ನೋ ಬರೆಸಲು ಬಂದಿದ್ದೇನೆ ಎಂದು.

ನಮ್ಮೂರಿನಲ್ಲಿ ಅರ್ಜಿಯಲ್ಲಿ ಬರೆದವರು ಬರುತ್ತಾರೆ. ಸೀಲು ಬಿದ್ದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಚೇರಿಯ ಕಡೆಯಿಂದ ನಡೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅರ್ಜಿಯ ಜೊತೆ ಪಿನ್ನು ಹೊಡೆದು ಕೊಡುವ ಕಾಗದಗಳಿಗೆ ಲಗತ್ತು ಎನ್ನುತ್ತಾರಲ್ಲ, ಅವರನ್ನೂ ಹಾಗೆಯೇ ಲಗತ್ತು ಎನ್ನುತ್ತೇವೆ. ಬರೆದಷ್ಟೇ ಇರುತ್ತಾರೆ. ನಮ್ಮ ಎದುರು ಮನೆಯ ಪಡಿತರ ಚೀಟಿಯಲ್ಲಿ ಬಂದ ತಾತನಿಗೆ ಹೆಸರು, ವಯಸ್ಸು ಎರಡೇ ಬರೆದಿದ್ದರು. ಹನ್ನೆರಡು ವರ್ಷದಿಂದ ಅವನು ಅರವತ್ತೊಂದರಲ್ಲೇ ಇದ್ದಾನೆ, ಕರೆದರೆ ತಿರುಗುತ್ತಾನೆ, ಅಷ್ಟೆ. ಇದ್ದವರ ಬಗ್ಗೆ ಬರೆದದ್ದೂ ಹಾಗೆಯೇ ಆಗುತ್ತದೆ. ಹಾಲಿನ ಡೈರಿಯ ಮರಿಗಂಗಯ್ಯ ಸಾಲಕ್ಕಾಗಿ ಗಟ್ಟಿಮುಟ್ಟಾಗಿದ್ದ ಹೆಂಡತಿಯನ್ನು ಹಾಸಿಗೆ ಹಿಡಿದವಳು ಎಂದು ಬರೆಸಿದ. ಮೂರನೆಯ ದಿನ ಆಕೆ ಎಮ್ಮೆ ಕರೆಯುತ್ತಿದ್ದವಳು ಅಲ್ಲಿಯೇ ಕುಸಿದಳು. ತಿದ್ದುಪಡಿ ಅರ್ಜಿ ಹಾಕಿ, ಸಾಲ ಬಿಟ್ಟುಕೊಟ್ಟು, ಅವಳನ್ನು ಎಬ್ಬಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು. ಹಾಗಾದರೆ ನೀವೆಲ್ಲ ಸುಖವಾಗಿದ್ದೇವೆ ಎಂದೇ ಬರೆದುಕೊಳ್ಳಬಾರದೇ ಎಂದು ಕೇಳಬಹುದು. ಸುಖವಾಗಿದ್ದೇನೆ ಎಂದು ಬರೆಯುವ ಅರ್ಜಿಯನ್ನು ಯಾವ ಕಚೇರಿಯೂ ಅಚ್ಚು ಹಾಕಿಸಿಲ್ಲ.

ನನ್ನ ಹೆಸರು ನೀಲಾಂಬಿಕೆ. ನಮ್ಮಪ್ಪ ಕೋರ್ಟಿನಲ್ಲಿ ಹೆಸರು ಕೂಗುವ ಜವಾನರಾಗಿದ್ದರು. ಇಪ್ಪತ್ತಾರು ವರ್ಷ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳನ್ನೆಲ್ಲ ಮೂರು ಮೂರು ಸಲ ಕೂಗಿ ಒಳಗೆ ಕಳಿಸಿದರು, ತಾವು ಮಾತ್ರ ಒಂದು ದಿನವೂ ಒಳಗೆ ನಿಂತು ಒಂದು ಮಾತಾಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದರು. ನನಗೆ ಒಳಗೆ ನಿಂತು ಮಾತಾಡಬೇಕಿತ್ತು. ಚಿಕ್ಕಂದಿನಿಂದ ನನ್ನ ಬಾಯಿಯ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಇದ್ದ ತೊಂದರೆ ಫೀಸಿನದು. ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಐದು ವರ್ಷದ ಫೀಸನ್ನೂ ಕಟ್ಟುವ ನೆರವು ನಿಧಿಯೊಂದಿತ್ತು. ಆದರೆ ಅದು ಕಷ್ಟಕ್ಕೆ ಅಂಕ ಕೊಡುತ್ತಿತ್ತು. ತಂದೆ ಇಲ್ಲದ್ದಕ್ಕೆ ಇಷ್ಟು, ಸ್ವಂತ ಮನೆ ಇಲ್ಲದ್ದಕ್ಕೆ ಇಷ್ಟು, ಹೀಗೆ ಕೂಡಿಸಿ ಅರವತ್ತು ದಾಟಬೇಕು. ಎಷ್ಟು ಕೂಡಿಸಿದರೂ ನನ್ನ ಕಷ್ಟ ಐವತ್ತಕ್ಕೇ ನಿಂತಿತು. ಜೀವನದಲ್ಲಿ ಮೊದಲ ಸಲ ನಾನು ಸಾಕಷ್ಟು ಕಷ್ಟಪಟ್ಟಿಲ್ಲ ಎಂದು ಬೇಜಾರಾಯಿತು.

ಹನ್ನೊಂದನೆಯ ಕಾಲಂ ಅವಲಂಬಿತರದು. ಅಂಗವಿಕಲ ಅವಲಂಬಿತರಿದ್ದರೆ ಹೆಚ್ಚಿನ ಅಂಕ. ಅವ್ವನ ಹೆಸರಿನ ಮುಂದೆ ಏನಾದರೂ ಬರೆಯಲು ನನ್ನ ಕೈ ಬರಲಿಲ್ಲ. ಇಲ್ಲದವಳೊಬ್ಬಳ ಮೇಲೆ ಬರೆಯುವುದು ಸುಲಭ ಎನಿಸಿತು. ಚಾಪೆ ಕೊಂಡುಕೊಂಡು ಮರುದಿನ ಹೋದೆ. ಮೇಷ್ಟ್ರು ಹತ್ತು ಕಾಲಂ ತುಂಬಿಸಿ ಪೆನ್ನನ್ನು ನನ್ನ ಕಡೆ ತಳ್ಳಿದರು.

"ಇದೊಂದನ್ನ ನೀನೇ ಬರಿಯಮ್ಮ. ನಾನು ಯಾರನ್ನೂ ಹುಟ್ಟಿಸೋದಿಲ್ಲ. ನೋಡಿ ಬರಿ, ಆಮೇಲೆ ಮನೆಯಲ್ಲಿ ಮುಖ ನೋಡ್ಕೊಂಡು ಇರೋಳು ನೀನು."

ಆಗ ಬಸ್ ಸ್ಟ್ಯಾಂಡಿನ ಕಡೆ ಸರ್ವಮಂಗಳ ಎಂಬ ಬಸ್ಸು ಹೋಯಿತು. ಹೆಸರು: ಸರ್ವಮಂಗಳ. ಸಂಬಂಧ: ಅಕ್ಕ. ವಯಸ್ಸು: ಇಪ್ಪತ್ಮೂರು. ವಿದ್ಯಾಭ್ಯಾಸ: ಪಿಯುಸಿ, ನನಗೆ ಜೊತೆ ಇರಲಿ ಎಂದು ಬರೆದೆ. ದೃಷ್ಟಿ ಎಂಬಲ್ಲಿ ಎರಡು ಚೌಕವಿದ್ದವು. ಭಾಗಶಃ ಅಂಧತ್ವಕ್ಕೆ ಎಂಟು ಅಂಕ, ಪೂರ್ಣ ಅಂಧತ್ವಕ್ಕೆ ಹದಿನೈದು. ಎಂಟು ಹಾಕಿದರೆ ಐವತ್ತೆಂಟಾಗುತ್ತಿತ್ತು. ನಾನು ಎರಡನೆಯ ಚೌಕದಲ್ಲಿ ಗುರುತು ಹಾಕಿದೆ. ಲೆಕ್ಕದ ತಪ್ಪೇನೂ ಇರಲಿಲ್ಲ. ಮೇಷ್ಟ್ರು ಅದನ್ನು ನೋಡಿ ಕನ್ನಡಕ ಒರೆಸಿಕೊಂಡರು.

ಮೂರನೆಯ ದಿನ ಅವಳು ಬಂದಳು. ಒಂದು ಕೈಯ ಬೆರಳುಗಳನ್ನು ಬೀದಿಯ ಗೋಡೆಗೆ ಸವರಿಕೊಂಡು ಬಂದಿದ್ದರಿಂದ ಬೆರಳ ತುದಿಗಳೆಲ್ಲ ಸುಣ್ಣವಾಗಿದ್ದವು. ಕೈಯಲ್ಲಿ ಚೀಲವಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಬಾಗಿಲ ಹೊರಗೆ ನಿಂತು, "ನೀಲಾಂಬಿಕೆಯೋರ ಮನೆ ಇದೇನಾ?" ಎಂದು ಕೇಳಿದಳು. ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ. ಅವ್ವ ನನ್ನನ್ನೊಮ್ಮೆ ನೋಡಿ, ಅವಳ ಕಣ್ಣುಗಳನ್ನೊಮ್ಮೆ ನೋಡಿ, "ಬಾರವ್ವ, ಹೊಸ್ತಿಲು ಐತೆ, ಕಾಲು ಎತ್ತಿಡು" ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಆ ತಿಂಗಳೇ ಅವಳ ಹೆಸರನ್ನು ಪಡಿತರ ಚೀಟಿಗೂ ಸೇರಿಸಿದರು. "ನಿನ್ನ ಅರ್ಜಿ ಇವತ್ತಿದ್ದು ನಾಳೆ ಹೋಗುತ್ತೆ. ಬಂದೋಳು ಎಲ್ಲಿಗೆ ಹೋಗ್ತಾಳೆ?" ಎಂದರು.

ಸರ್ವಮಂಗಳಕ್ಕ ಮನೆಯಲ್ಲಿ ತೊಂದರೆ ಕೊಟ್ಟವಳಲ್ಲ. ಚಾಪೆಯ ಮೇಲೆ ಅಡ್ಡಾದರೆ ಮಗ್ಗುಲು ಬದಲಿಸುತ್ತಿರಲಿಲ್ಲ. ಕೆಮ್ಮುತ್ತಿರಲಿಲ್ಲ, ಕನಸಿನಲ್ಲಿ ಮಾತಾಡುತ್ತಿರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಅವಲಂಬಿತರಿಗೆ ಫೋಟೋ ಅಂಟಿಸುವ ಜಾಗ ಆ ಅರ್ಜಿಯಲ್ಲಿ ಇರಲಿಲ್ಲ. ಅದಕ್ಕೇ ಇರಬೇಕು, ಅವಳು ಎದುರಿಗಿದ್ದಾಗ ಅವಳಿಗೊಂದು ಮುಖ ಇರುತ್ತಿತ್ತು, ಅತ್ತ ತಿರುಗಿದ ಕೂಡಲೇ ಅದು ನನ್ನ ನೆನಪಿನಿಂದ ಹೋಗಿಬಿಡುತ್ತಿತ್ತು. ಕಾಲೇಜಿನಲ್ಲಿ ಕೂತು ಎಷ್ಟು ಸಲ ಪ್ರಯತ್ನಪಟ್ಟಿದ್ದೇನೆ, ಜಡೆ ನೆನಪಾಗುತ್ತಿತ್ತು, ಕುತ್ತಿಗೆ ನೆನಪಾಗುತ್ತಿತ್ತು, ಮುಖವಿದ್ದಲ್ಲಿ ಏನೂ ಇರುತ್ತಿರಲಿಲ್ಲ. ಅವ್ವನನ್ನು ಕೇಳಿದರೆ, "ನಂಗೂ ಹಂಗೇ ಕಣೆ. ಒಲೆ ಮುಂದೆ ಕೂತಾಗ ಅವಳ ಮುಖ ನೆನೆಸ್ಕೊಳಕ್ಕೆ ಹೋದ್ರೆ ಮೈ ಜುಂ ಅನ್ನುತ್ತೆ" ಎಂದರು.

ನನಗೆ ಜೋರಾಗಿ ಓದಿದರೇ ತಲೆಗೆ ಹತ್ತುವುದು. ಬೆಳಿಗ್ಗೆ ಆರಕ್ಕೆ ಎದ್ದು ಗೋಡೆಗೆ ಒರಗಿ ಓದುತ್ತಿದ್ದೆ, ಅಕ್ಕ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು. ಒಂದು ದಿನ ಕರಾರು ಕಾಯಿದೆಯ ಒಂದು ಕಲಮಿನಲ್ಲಿ ತಡವರಿಸಿದೆ. ಅವಳು ಸೊಪ್ಪಿನಿಂದ ಕೈ ತೆಗೆಯದೆ ಉಳಿದದ್ದನ್ನು ಹೇಳಿ ಮುಗಿಸಿದಳು, ಅಲ್ಪವಿರಾಮ ಎಲ್ಲಿತ್ತೋ ಅಲ್ಲಿ ಉಸಿರು ತೆಗೆದುಕೊಂಡು. ಮರೆಯುತ್ತಾಳೆ ಎಂದು ನಾನು ಎಲ್ಲಿಯೂ ಬರೆದಿರಲಿಲ್ಲವಲ್ಲ. ಆಮೇಲೆ ಪುಸ್ತಕ ಮುಚ್ಚಿಟ್ಟು ಅವಳನ್ನೇ ಕೇಳುವುದು ರೂಢಿಯಾಯಿತು. ಮೊದಲ ವರ್ಷ ನಾನು ಕಾಲೇಜಿಗೇ ಮೊದಲಿಗಳಾದೆ. ಊರೆಲ್ಲ ನೀಲಾಂಬಿಕೆ ಹುಟ್ಟಾ ಲಾಯರು ಎಂದಿತು. ನಾನೂ ಇಲ್ಲವೆನ್ನಲಿಲ್ಲ.

ಅವಳನ್ನು ನಾನು ಪ್ರೀತಿಸಲು ಶುರುಮಾಡಿದ್ದು ಯಾವಾಗ ಎಂದು ಗೊತ್ತಿಲ್ಲ. ತಲೆ ಬಾಚಿಕೊಡುತ್ತಿದ್ದೆ, ಬೀದಿಯಲ್ಲಿ ಕೈ ಹಿಡಿದು ನಡೆಸುತ್ತಿದ್ದೆ, ಯಾರಾದರೂ ಲಗತ್ತು ಎಂದರೆ ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದೆ. ಒಂದು ಸಲ ಅವಳು ಬಟ್ಟೆ ಮಡಚುತ್ತ, "ನೀಲ, ನಾನು ಮೊದಲಿಂದ್ಲೂ ಹಿಂಗೇನಾ? ಕಣ್ಣು?" ಎಂದು ಕೇಳಿದಳು.

"ಹ್ಞೂಂ. ಮೊದಲಿಂದ್ಲೂ" ಎಂದೆ.

"ಸರಿ" ಎಂದಳು.

ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಓದು ಮುಗಿಯಲಿ, ಸನ್ನದು ಸಿಗಲಿ, ಮೊದಲ ಕೆಲಸ ತಿದ್ದುಪಡಿ ಅರ್ಜಿ ಎಂದುಕೊಂಡೆ. ಐದು ವರ್ಷವೇನು ಮಹಾ ಎಂದುಕೊಂಡೆ. ಐದು ವರ್ಷ ಕಾಣದೆ ಇರಬೇಕಾದವಳು ನಾನಾಗಿರಲಿಲ್ಲ.

ಮೂರನೆಯ ವರ್ಷದ ನವೀಕರಣಕ್ಕೆ ಹೊಸ ನಿಯಮ ಬಂತು. ಅರ್ಜಿಯನ್ನು ಅವಲಂಬಿತರಿಗೆ ಓದಿ ಹೇಳಿ, ಬದಲಾವಣೆ ಇಲ್ಲ ಎಂದು ಅವರ ಹೆಬ್ಬೆಟ್ಟು ಒತ್ತಿಸಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕನನ್ನು ಕೂರಿಸಿಕೊಂಡೆ. ಮಸಿಯ ಡಬ್ಬಿ ತೆರೆದಿಟ್ಟು ಓದಲು ಶುರುಮಾಡಿದೆ. ಒಂದರಿಂದ ಹತ್ತರವರೆಗೆ ನಿಧಾನವಾಗಿ ಓದಿದೆ, ಮುಂದಿನದನ್ನು ಇನ್ನೂ ನಿಧಾನವಾಗಿ ಓದಿದೆ, ಕೊನೆಯ ಘೋಷಣೆಯನ್ನು ಗಟ್ಟಿಯಾಗಿ ಓದಿದೆ. ಅವಳು ತಲೆ ಓರೆ ಮಾಡಿಕೊಂಡು ಕೇಳಿದಳು.

"ಹತ್ತಾದ್ಮೇಲೆ ಹನ್ನೆರಡು ಓದಿದೆ" ಎಂದಳು.

"ಅದರಲ್ಲಿ ಏನಿಲ್ಲ ಅಕ್ಕ. ಸುಮ್ಮನೆ ಹೆಸರು, ವಯಸ್ಸು."

"ಇರಲಿ, ಓದು."

ಓದಿದೆ. ಹೆಸರು, ಸಂಬಂಧ, ವಯಸ್ಸು, ವಿದ್ಯಾಭ್ಯಾಸ. ದೃಷ್ಟಿ: ಪೂರ್ಣ ಅಂಧತ್ವ. ಪಕ್ಕದಲ್ಲಿ ಅಚ್ಚಾಗಿದ್ದ ಅಂಕವನ್ನೂ ಓದು ಎಂದಳು. ಓದಿದೆ. ಭಾಗಶಃ ಎಂದಿದ್ದರೆ ಎಷ್ಟು ಎಂದು ಕೇಳಿದಳು. ಎಂಟು ಎಂದೆ. ಒಳಗೆ ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

"ಹೋದ ಆಷಾಢದಲ್ಲಿ ನೀನೊಂದು ಪಾಠ ಓದಿದ್ದೆ" ಎಂದಳು ಅಕ್ಕ. "ಯಾರ ಮೇಲಾದ್ರೂ ತೀರ್ಪು ಕೊಡೋ ಮುಂಚೆ ಅವರ ಮಾತು ಕೇಳ್ಬೇಕು, ಕೇಳ್ದೆ ಕೊಟ್ಟಿದ್ದು ತೀರ್ಪೇ ಅಲ್ಲ ಅಂತ. ಎರಡು ಸಲ ಓದಿದ್ದೆ, ಪರೀಕ್ಷೆಗೆ ಬರುತ್ತೆ ಅಂತ."

"ನೀನು ಆಗ ಇರ್ಲಿಲ್ವಲ್ಲ ಅಕ್ಕ, ಕೇಳಕ್ಕೆ!" ಎಂದೆ. ಎಂಥ ಮಾತು ನನ್ನದು. ಆದರೆ ನಿಜವಾಗಿಯೂ ಬಾಯಿಗೆ ಬಂದದ್ದು ಅದೇ.

"ಹೌದು. ಇರ್ಲಿಲ್ಲ" ಎಂದು ಅವಳು ಒಪ್ಪಿಕೊಂಡಳು. ಕೈಯಾಡಿಸಿ ಮಸಿಯ ಡಬ್ಬಿಯನ್ನು ಹುಡುಕಿ, ಹೆಬ್ಬೆರಳನ್ನು ಅದ್ದಿ, ನನ್ನ ಮುಂದೆ ಚಾಚಿದಳು. "ಈಗ ಇದ್ದೀನಿ. ಕಾಗದ ಎಲ್ಲಿದೆ ಅಂತ ನಂಗೆ ಕಾಣಲ್ಲ. ನೀನೇ ಹಿಡಿದು ಒತ್ತಿಸ್ಕೊ."

ಸಿಟ್ಟಿನಿಂದ ಹೇಳಿದ್ದರೆ ನಾನು ಒತ್ತಿಸಿಕೊಂಡುಬಿಡುತ್ತಿದ್ದೆ. ಸಿಟ್ಟಿಗೆ ಎದುರು ವಾದ ಮಾಡುವುದು ನನಗೆ ಬರುತ್ತದೆ. ಅವಳು ಸುಮ್ಮನೆ ಬೆರಳು ಚಾಚಿಕೊಂಡು ಕೂತಿದ್ದಳು, ಅಂಗನವಾಡಿ ಮಗು ಉಗುರು ಕತ್ತರಿಸಿಕೊಳ್ಳಲು ಕೂರುವ ಹಾಗೆ. ನಾನು ಎರಡು ಸಲ ಅವಳ ಕೈ ಹಿಡಿದೆ, ಎರಡು ಸಲವೂ ಬಿಟ್ಟೆ. ಎರಡು ವರ್ಷ ಓದಿದ್ದು, ಇನ್ನು ಮೂರು ವರ್ಷ ಓದಬೇಕಾದ್ದು, ಕಪ್ಪು ಕೋಟು, ಎಲ್ಲ ಕಣ್ಣ ಮುಂದೆ ಬಂತು. ಅವಳ ಬೆರಳಿನ ಮೇಲೆ ಮಸಿ ಒಣಗಿತು. ಆಗಲೂ ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಅಳು ಬಂತು. ಎದ್ದು ಹೋಗಿ ನೀರು ತಂದು ಅವಳ ಬೆರಳು ತೊಳೆದೆ.

ಸೋಮವಾರ ತಿದ್ದುಪಡಿ ಅರ್ಜಿ ಬರೆಸಿದೆ. ಮೇಷ್ಟ್ರು, "ನೆರವು ನಿಲ್ಲುತ್ತೆ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. "ಯೋಚನೆ ಮಾಡಿದ್ಯಾ?" ಎಂದರು. ಯೋಚನೆ ಮಾಡಿದರೆ ಬರೆಸುವುದಿಲ್ಲ, ಬೇಗ ಬರೆಯಿರಿ ಎಂದೆ. ದೃಷ್ಟಿ ಎಂಬಲ್ಲಿ ಸರಿಯಿದೆ ಎಂದು ನನ್ನ ಕೈಯಿಂದಲೇ ಬರೆದೆ. ಸೀಲು ಬಿತ್ತು.

ಮೂರನೆಯ ದಿನ ಹನ್ನೊಂದು ಗಂಟೆಗೆ ಅಕ್ಕ ಹಿತ್ತಲಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಕೈ ನಿಂತಿತು. ನೀರಿನೊಳಗಿದ್ದ ತನ್ನ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆ, ಬಟ್ಟೆ ಒಣಹಾಕುವ ತಂತಿ, ಆಕಾಶ. ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೂ ಅವಳ ಕಣ್ಣು ಹಾಯಿತು, ನಿಲ್ಲದೆ ಮುಂದೆ ಹೋಯಿತು. ಅವಳಿಗೆ ನನ್ನ ಗುರುತಿರಲಿಲ್ಲ. "ಅಕ್ಕ" ಎಂದೆ. ಆಗ ತಿರುಗಿದಳು. ತಲೆಯಿಂದ ಕಾಲಿನವರೆಗೆ ನೋಡಿ, "ನೀನು ಇಷ್ಟೇ ಇದ್ದೀಯಾ!" ಎಂದಳು. ಅಂದಿನಿಂದ ಅವಳ ಮುಖ ನನಗೆ ಮರೆತಿಲ್ಲ. ಅತ್ತ ತಿರುಗಿದರೂ ಇರುತ್ತದೆ, ಕಣ್ಣು ಮುಚ್ಚಿದರೂ ಇರುತ್ತದೆ.

ಕಾಲೇಜಿನಲ್ಲಿ ನನ್ನ ಹೆಸರು ಹೊಡೆದುಹಾಕಿದರು. ನಾನು ಮೇಷ್ಟ್ರ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿಕೊಂಡು ಅರ್ಜಿ ಬರೆಯಲು ಕೂತೆ. ಕೈಬರಹ ದುಂಡಗಿದೆ ಎಂದು ಜನ ಬರುತ್ತಾರೆ. ನಾನು ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದ್ದೆನೆಂದು ತಿಳಿಯಬೇಡಿ. ಎಷ್ಟೋ ದಿನ ಮನೆಗೆ ಬಂದು, ಅಕ್ಕ ನನ್ನ ಪುಸ್ತಕಗಳನ್ನು ತಾನೇ ಓದುತ್ತ ಕೂತಿರುವುದನ್ನು ಕಂಡಾಗ ಹೊಟ್ಟೆ ಉರಿದುಹೋಗುತ್ತಿತ್ತು. ಅವಳು ತುಟಿ ಅಲ್ಲಾಡಿಸದೆ ಓದುತ್ತಿದ್ದಳು. ಹಾಳೆ ತಿರುಗುವ ಸದ್ದು ಮಾತ್ರ. ಅವಳಿಗೆ ಇನ್ನೂ ಇಪ್ಪತ್ಮೂರೇ. ನನಗೆ ಇಪ್ಪತ್ತೊಂದಾಯಿತು.

ಮರುವರ್ಷ ಜೂನ್ ತಿಂಗಳಲ್ಲಿ ಒಂದು ದಿನ ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, "ನಾನೂ ಲಾ ಸೇರ್ತೀನಿ. ನೆರವಿಗೆ ಅರ್ಜಿ ಹಾಕ್ತೀನಿ" ಎಂದಳು. ಲಗತ್ತಾಗಿ ಬಂದವರು ಅರ್ಜಿ ಹಾಕಿದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಕಚೇರಿಯ ಗುಮಾಸ್ತ ಆಗುವುದಿಲ್ಲ ಎಂದನಂತೆ. ಆಗುವುದಿಲ್ಲ ಎಂದು ಯಾವ ನಿಯಮದಲ್ಲಿದೆ, ತೋರಿಸಿ ಎಂದು ಇವಳು ಕೇಳಿದಳಂತೆ. ಅವನು ಮಧ್ಯಾಹ್ನದವರೆಗೆ ಹುಡುಕಿ, ಬೆವರು ಒರೆಸಿಕೊಂಡು ನಮೂನೆ ಕೊಟ್ಟನಂತೆ. ಮೇಷ್ಟ್ರ ಮೇಜಿಗೂ ಅವಳು ಬರಲಿಲ್ಲ, ನನ್ನ ಮೇಜಿಗೂ ಬರಲಿಲ್ಲ. ಹೊಂಗೆ ಮರದ ಆಚೆ ಕಟ್ಟೆಯ ಮೇಲೆ ಕೂತು, ಎಲ್ಲ ಕಾಲಂಗಳನ್ನೂ ತಾನೇ ತುಂಬಿದಳು. ನನಗೆ ಕಾಣುತ್ತಿತ್ತು. ಹತ್ತರವರೆಗೆ ಸರಸರ ಬರೆದಳು. ಆಮೇಲೆ ಪೆನ್ನು ಎತ್ತಿ, ತಲೆ ಎತ್ತಿ, ಅಲ್ಲಿಂದಲೇ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನನ್ನ ಮುಂದೆ ಕೂತಿದ್ದ ಮುದುಕಿ, "ಯಾಕವ್ವ, ಬರೆಯಾದು ನಿಲ್ಲಿಸ್ಬಿಟ್ಟೆ?" ಎಂದಳು. ನಾನು ತಲೆ ಬಗ್ಗಿಸಿದೆ. ಮತ್ತೆ ನೋಡುವಷ್ಟರಲ್ಲಿ ಅಕ್ಕ ಕಾಗದ ಮಡಚಿಕೊಂಡು ಒಳಗೆ ಹೋಗುತ್ತಿದ್ದಳು.

ಏನು ಬರೆದೆ ಎಂದು ಕೇಳಬಹುದಿತ್ತು. ಕೇಳಲು ನನಗೆ ಯಾವ ಹಕ್ಕಿತ್ತು? ಅವಳನ್ನು ಯಾರು ಕೇಳಿದ್ದರು? ಅವ್ವನಿಗೆ ಹೇಳಿದೆ. ಅವ್ವ ಹೆದರಿ, ಅವಳನ್ನೇ ಕೇಳಿಬಿಡುತ್ತೇನೆ ಎಂದು ಎದ್ದರು. ನಾನು ಬೇಡ ಎಂದು ಕೈ ಹಿಡಿದು ಕೂರಿಸಿದೆ. ಮೊದಲ ದಿನ ಧೈರ್ಯವಾಗಿದ್ದೆ. ಎರಡನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲಿ ನಾನು ಎಂದೂ ಸರಿಯಾಗಿ ನೋಡದಿದ್ದ ವಸ್ತುಗಳನ್ನೆಲ್ಲ ನೋಡುತ್ತ ಓಡಾಡಿದೆ. ಗೋಡೆಯ ಮೇಲೆ ಅಪ್ಪನ ಫೋಟೋದಲ್ಲಿ ಅವರ ಅಂಗಿಯ ಮೇಲಿನ ಗುಂಡಿ ಇಲ್ಲ ಎಂಬುದು ಅವತ್ತೇ ಗೊತ್ತಾಯಿತು. ಅವ್ವನ ಬಲಗಿವಿಯ ಹಿಂದೆ ಒಂದು ಮಚ್ಚೆ. ಅಕ್ಕ ಎಂದಿನಂತೆ ಸೊಪ್ಪು ಬಿಡಿಸಿದಳು, ಎಂದಿನಂತೆ ಉಂಡಳು, ಎಂದಿನಂತೆ ಮಗ್ಗುಲು ಬದಲಿಸದೆ ಮಲಗಿದಳು. ನನ್ನನ್ನು ನೋಡಿದಾಗಲೆಲ್ಲ ಮುಖ ನೋಡದೆ ಬರೀ ಕಣ್ಣನ್ನು ನೋಡುತ್ತಿದ್ದಾಳೆ ಎನಿಸುತ್ತಿತ್ತು. ನನ್ನ ಭ್ರಮೆಯೂ ಇರಬಹುದು.

ಮೂರನೆಯ ದಿನ ಅವಳು ಒಂಬತ್ತಕ್ಕೇ ಕಚೇರಿಗೆ ಹೊರಟಳು, ಪಟ್ಟಿ ಹಾಕುತ್ತಾರೆ ಎಂದು. ಅವ್ವ ಅಂಗನವಾಡಿಗೆ ರಜೆ ಹಾಕಿ ನನ್ನ ಪಕ್ಕದಲ್ಲಿ ಕೂತರು. ಇಬ್ಬರೂ ಬೀದಿ ನೋಡುತ್ತ ಕೂತೆವು. ಹತ್ತೂಮುಕ್ಕಾಲಿಗೆ ಅವ್ವ ನನ್ನ ಕೈ ಹಿಡಿದುಕೊಂಡರು. ಹನ್ನೊಂದಕ್ಕೆ ಎದುರು ಮನೆಯ ಲಗತ್ತು ತಾತ ಜಗುಲಿಗೆ ಬಂದು ಕೂತ. ಬಿಸಿಲು ಅವನ ಮೊಣಕಾಲಿನವರೆಗೆ ಇತ್ತು. ಅದು ಸೊಂಟದವರೆಗೆ ಬರುವುದನ್ನು ನಾನು ರೆಪ್ಪೆ ಹೊಡೆಯದೆ ನೋಡಿದೆ. ಕಣ್ಣಲ್ಲಿ ನೀರು ತುಂಬಿ ಒಮ್ಮೆ ಎಲ್ಲ ಮಸುಕಾದಾಗ, ಬಂತು ಎಂದುಕೊಂಡೆ. ಒರೆಸಿಕೊಂಡರೆ ತಾತ ಅಲ್ಲಿಯೇ ಇದ್ದ. ಹನ್ನೆರಡಾಯಿತು. ಯಾರೂ ಬರಲಿಲ್ಲ, ಏನೂ ಆಗಲಿಲ್ಲ.

ಒಂದು ಗಂಟೆಗೆ ಅಕ್ಕ ಬಂದಳು. ಗೋಡೆ ಮುಟ್ಟದೆ, ಬೀದಿಯ ನಡುವೆ ನಡೆದು ಬಂದಳು. ಕಾಲು ತೊಳೆದುಕೊಂಡು ತಟ್ಟೆಯ ಮುಂದೆ ಕೂತಳು. ನಾನೇ ಬಡಿಸಿದೆ.

"ಸಿಗಲಿಲ್ಲ. ಏಳು ಅಂಕ ಕಮ್ಮಿ ಬಿತ್ತು" ಎಂದಳು.

ಏಳು ಎಂದರೆ ಭಾಗಶಃ ಎಂದು ಬರೆದಿದ್ದರೂ ಸಾಕಾಗುತ್ತಿತ್ತು. ಸೌಟು ನನ್ನ ಕೈಯಲ್ಲಿಯೇ ಉಳಿಯಿತು. "ಹನ್ನೊಂದನೇ ಕಾಲಂ?" ಎಂದೆ.

"ಖಾಲಿ ಬಿಟ್ಟೆ" ಎಂದಳು.

ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಅಕ್ಕ ಸಾರಿನಲ್ಲಿ ಅನ್ನ ಕಲಸಿಕೊಂಡು ಎರಡು ತುತ್ತು ಉಂಡಳು. ಆಮೇಲೆ ತಲೆ ಎತ್ತಿ ನನ್ನ ಕಣ್ಣುಗಳನ್ನು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ನಿಧಾನವಾಗಿ ನೋಡಿದಳು.

"ಮುಂದಿನ ವರ್ಷಾನೂ ಅರ್ಜಿ ಹಾಕ್ಬೋದಂತೆ" ಎಂದಳು. "ಇನ್ನೊಂದು ಚೂರು ಅನ್ನ ಹಾಕು."